ಗಜಶಾಲೆಯಿಂದ ಬೀದಿಗೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಆನೆಯ ಕಾಡಿಲ್ಲ. ಇರುವುದು ಎರೆಹೊಲ, ಜಾಲಿಯ ಪೊದೆ, ಬೋಳು ಬಂಡೆಗಳ ಗುಡ್ಡ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತದ ಗದ್ದೆ. ಕಾಡಾನೆ ತೋಟಕ್ಕೆ ನುಗ್ಗಿತೆಂಬ ಸುದ್ದಿಯನ್ನು ನಾವು ಕೊಡಗು, ಹಾಸನದ ಕಡೆಯ ವರದಿಗಳಲ್ಲಿ ಓದುತ್ತೇವೆ ಅಷ್ಟೆ. ಹಾಗಿದ್ದೂ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಆನೆಯನ್ನು ನೋಡದೆ ಬೆಳೆದವರು ನನ್ನ ಓರಗೆಯಲ್ಲಿ ಕಡಿಮೆ. ಅಂದರೆ ನಮ್ಮ ಬೀದಿಯಲ್ಲಿ ಕಂಡ ಪ್ರತಿಯೊಂದು ಆನೆಯೂ ಎಲ್ಲಿಂದಲೋ ಹಿಡಿದು, ಪಳಗಿಸಿ, ನಡೆಸಿ ತಂದದ್ದು. ಇಲ್ಲವೇ ಹಾಗೆ ಹಿಡಿದು ತಂದ ತಾಯಿಯ ಮರಿ. ಇದನ್ನು ಯಾರು ತಂದರು, ಯಾಕೆ ತಂದರು, ತಂದವರು ಹೋದ ಮೇಲೆ ಅದರ ಗತಿ ಏನಾಯಿತು ಎಂದು ಕೇಳಿಕೊಂಡು ಹೊರಟರೆ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಕತೆ ಬಿಚ್ಚಿಕೊಳ್ಳುತ್ತದೆ.

1980ರ ದಶಕದ ಕೊನೆ, 1990ರ ದಶಕದ ಮೊದಲ ವರ್ಷಗಳ ಮಾತು. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಆನೆ ಬರುತ್ತಿತ್ತು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, 50 ಕಿಲೋಮೀಟರಿಗೂ ಮಿಕ್ಕಿದ ಒಂದೇ ರಸ್ತೆ. ಮೊದಲು ಕೊರಳ ಗಂಟೆಯ ಸದ್ದು, ಆಮೇಲೆ ಹುಡುಗರ ಕೂಗು, ಅದರ ಹಿಂದೆ ಆನೆ. ಹಣೆಗೆ ಸುಣ್ಣ ಮತ್ತು ಕಾವಿಯಲ್ಲಿ ಬರೆದ ಚಿತ್ರ, ಬೆನ್ನ ಮೇಲೆ ಮಾಸಿದ ಜಮಖಾನೆ. ಅಂಗಡಿಯವರು ಬಾಳೆಹಣ್ಣು, ಬೆಲ್ಲದ ತುಂಡು ಕೊಡುತ್ತಿದ್ದರು. ನಾಲ್ಕಾಣೆ, ಎಂಟಾಣೆ ಇಟ್ಟರೆ ಸೊಂಡಿಲು ಅದನ್ನು ಮೇಲಕ್ಕೆತ್ತಿ ಮಾವುತನ ಕೈಗೆ ಕೊಟ್ಟು, ಮತ್ತೆ ಇಳಿದು ಕೊಟ್ಟವನ ತಲೆಯ ಮೇಲೆ ಮೆತ್ತಗೆ ಕೂರುತ್ತಿತ್ತು. ಹಿಂದೂ ತಾಯಂದಿರು ಗಣಪ್ಪ ಎಂದು ಕೈಮುಗಿದರೆ, ನಮ್ಮ ಓಣಿಯ ಅಮ್ಮಂದಿರು ಮಗುವಿನ ನಜರ್ ಹೋಗಲಿ, ರಾತ್ರಿ ಬೆಚ್ಚುವುದು ನಿಲ್ಲಲಿ ಎಂದು ಅದರ ಹೊಟ್ಟೆಯ ಕೆಳಗೆ ದಾಟಿಸುತ್ತಿದ್ದರು. ಬಾಲದ ಕೂದಲಿನ ಉಂಗುರಕ್ಕೆ ಬೇರೆ ದರ. ಬಿಸಿ ಲದ್ದಿಯನ್ನು ಬರಿಗಾಲಲ್ಲಿ ತುಳಿದರೆ ಅಂಗಾಲು ಗಟ್ಟಿಯಾಗುತ್ತದೆಂದು ನಾವು ಹುಡುಗರೆಲ್ಲ ಸಾಲುಗಟ್ಟಿ ತುಳಿದವರೇ. ಆನೆಯ ಅಂಗಾಲು ಹೇಗಿದೆ ಎಂದು ಬಗ್ಗಿ ನೋಡಿದವರು ಯಾರೂ ಇರಲಿಲ್ಲ.

ಈ ದಾರಿಯ ನಡುವೆ ಮಸ್ಕಿ ಇದೆ. ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿದ್ದ ಊರು, ಈಗ ತಾನೇ ತಾಲೂಕು ಕೇಂದ್ರ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಕಾಣಿಸುತ್ತಿದ್ದ ದೊರೆ ಇಲ್ಲಿ ಅಶೋಕ ಎಂಬ ಸ್ವಂತ ಹೆಸರಿನಲ್ಲಿ ಸಿಕ್ಕಿದ. ಶಾಲೆಯ ಪುಸ್ತಕದಲ್ಲಿ ಮಸ್ಕಿಯ ಹೆಸರು ಬಂದಾಗಲೆಲ್ಲ ಈ ಭಾಗದ ಮಕ್ಕಳು ಎದೆಯುಬ್ಬಿಸಿ ಕೂರುವುದು ಇದಕ್ಕೇ.

ಮೌರ್ಯರಿಗೆ ಆನೆ ಎಂದರೆ ಸೈನ್ಯ. ಅಶೋಕನ ಅಜ್ಜ ಚಂದ್ರಗುಪ್ತ ಕ್ರಿ.ಪೂ. 303ರ ಸುಮಾರಿಗೆ ಗ್ರೀಕರ ಸೆಲ್ಯೂಕಸ್‌ನೊಂದಿಗೆ ಒಪ್ಪಂದ ಮಾಡಿಕೊಂಡಾಗ 500 ಆನೆ ಕೊಟ್ಟು ಸೀಮೆಗಳನ್ನು ಪಡೆದ. ಕೌಟಿಲ್ಯನ ಅರ್ಥಶಾಸ್ತ್ರ ಆನೆಯ ಕಾಡಿನಲ್ಲಿ ಆನೆ ಕೊಂದವನಿಗೆ ಮರಣದಂಡನೆ ಹೇಳುತ್ತದೆ. ತಾನಾಗಿ ಸತ್ತ ಆನೆಯ ದಂತ ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ. ಇದು ಕರುಣೆಯಿಂದ ಹುಟ್ಟಿದ ಕಾಯ್ದೆಯೆಂದು ಯಾರೂ ತಪ್ಪು ತಿಳಿಯಬೇಕಾಗಿಲ್ಲ. ಗೆಲುವು ಆನೆಗಳಿಂದ ಎಂದು ಅದೇ ಗ್ರಂಥ ಹೇಳುತ್ತದೆ. ಇಂದಿನ ಸರಕಾರಗಳು ಸೈನ್ಯದ ಟ್ಯಾಂಕುಗಳನ್ನು ಕಾಯುವ ಹಾಗೆ ಆಗ ಆನೆಯನ್ನು ಕಾಯುತ್ತಿದ್ದರು.

ಕಳಿಂಗ ಯುದ್ಧದ ನಂತರ ಮನಸ್ಸು ಬದಲಾಯಿಸಿದ ಅಶೋಕ ತನ್ನ ನಾಲ್ಕನೆಯ ಬಂಡೆಗಲ್ಲು ಶಾಸನದಲ್ಲಿ, ಯುದ್ಧಭೇರಿಯ ಸದ್ದು ಈಗ ಧರ್ಮದ ಸದ್ದಾಗಿದೆ ಎಂದು ಹೇಳುತ್ತ, ಜನರಿಗೆ ತೋರಿಸಿದ ವಿಮಾನಗಳು, ಆನೆಗಳು, ಬೆಂಕಿಯ ರಾಶಿಗಳನ್ನು ಹೆಸರಿಸುತ್ತಾನೆ. ಆನೆಯನ್ನು ಜನರ ಮುಂದೆ ನೋಟಕ್ಕಾಗಿ ನಡೆಸಿದ ದಾಖಲೆಗಳಲ್ಲಿ ಇದು ಬಹಳ ಹಳೆಯದು. ಆ ಶಾಸನದ ಒಂದು ಪ್ರತಿ ನಮಗೆ ದೂರವಲ್ಲದ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಅದೇ ಎರ್ರಗುಡಿಯ ಇನ್ನೊಂದು ಚಿಕ್ಕ ಶಾಸನದಲ್ಲಿ ಜೀವಿಗಳಿಗೆ ದಯೆ ತೋರಬೇಕೆಂಬ ಮಾತಿದೆ. ಇಂಥ ಉಪದೇಶವನ್ನು ಜನರಿಗೆ ಮುಟ್ಟಿಸುವ ಹೊಣೆಯನ್ನು ಹೊರಿಸುವಾಗ ಆನೆಯ ಸವಾರರನ್ನೂ ಅದು ಹೆಸರಿಸುತ್ತದೆ. ಅಂಕುಶ ಹಿಡಿದವನ ಕೈಗೇ ದಯೆಯ ಸಂದೇಶವನ್ನು ಕೊಟ್ಟದ್ದು ಬುದ್ಧಿವಂತಿಕೆಯೋ ಅನಿವಾರ್ಯವೋ, ಓದುಗರೇ ನಿರ್ಧರಿಸಲಿ.

ಇಲ್ಲೊಂದು ಪದದ ಕತೆಯನ್ನೂ ಹೇಳಿಬಿಡುತ್ತೇನೆ. ಅಶೋಕನ ಆಡಳಿತದಲ್ಲಿ ಮಹಾಮಾತ್ರ ಎಂದರೆ ದೊಡ್ಡ ಅಧಿಕಾರಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆಸಿದ್ದು. ಆ ಸುವರ್ಣಗಿರಿಯನ್ನು ವಿದ್ವಾಂಸರಲ್ಲಿ ಹಲವರು ಗುರುತಿಸುವುದು ನಮ್ಮ ಮಸ್ಕಿ, ಕನಕಗಿರಿಯ ಸೀಮೆಯಲ್ಲೇ. ಸಂಸ್ಕೃತದಲ್ಲಿ ಇದೇ ಮಹಾಮಾತ್ರ ಪದಕ್ಕೆ ಆನೆ ನಡೆಸುವವನು ಎಂಬ ಅರ್ಥವೂ ಬಂತು. ಅದು ಸವೆದು ಸವೆದು ಹಿಂದಿ, ಉರ್ದುವಿನ ಮಹಾವತ್ ಆಯಿತು, ಕನ್ನಡದ ಮಾವುತ ಆಯಿತು. ಎರಡು ಸಾವಿರ ವರ್ಷದ ಹಿಂದೆ ಈ ನೆಲವನ್ನು ಆಳಿದವರ ಪದವಿಯ ಹೆಸರು, ಇದೇ ನೆಲದ ರಸ್ತೆಯಲ್ಲಿ ಎಂಟಾಣೆಗೆ ಕೈಯೊಡ್ಡಿದವನ ಹೆಸರಾಗಿ ಉಳಿಯಿತು.

ಹಿಡಿಯುವ, ಪಳಗಿಸುವ ವಿದ್ಯೆಯ ಬಗ್ಗೆ ನಮ್ಮ ಭಾಗದ ಮಟ್ಟಿಗೆ ಒಳ್ಳೆಯ ಸಾಕ್ಷಿ ಕೊಟ್ಟವನು ಹೆರಾತ್‌ನಿಂದ ಬಂದ ಅಬ್ದುರ್ ರಜಾಕ್. ತೈಮೂರ್ ವಂಶದ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದ ಈತನ ಬರಹವನ್ನು ಊರಿನ ವೈಭವಕ್ಕಾಗಿ ಮಾತ್ರ ಉಲ್ಲೇಖಿಸುವುದು ರೂಢಿ. ಆನೆಯ ಭಾಗ ಅದಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ಅನಿಸಿಕೆ. ಆನೆ ನೀರಿಗೆ ಬರುವ ದಾರಿಯಲ್ಲಿ ಗುಂಡಿ ತೋಡಿ ಮುಚ್ಚುತ್ತಾರೆ. ಬಿದ್ದ ಆನೆಯ ಹತ್ತಿರ ಎರಡು ದಿನ ಯಾರೂ ಸುಳಿಯುವುದಿಲ್ಲ. ಆಮೇಲೆ ಒಬ್ಬ ಬಂದು ದೊಣ್ಣೆಯಿಂದ ಚೆನ್ನಾಗಿ ಬಾರಿಸುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಓಡಿ ಬಂದು ಹೊಡೆಯುವವನನ್ನು ಅಟ್ಟಿ, ದೊಣ್ಣೆ ಕಿತ್ತು ಬಿಸಾಕಿ, ಆನೆಯ ಮುಂದೆ ಮೇವು ಹಾಕಿ ಹೋಗುತ್ತಾನೆ. ಹಲವು ದಿನ ಇದೇ ನಾಟಕ. ಕೊನೆಗೆ ಆನೆ ಎರಡನೆಯವನನ್ನು ಗೆಳೆಯನೆಂದು ನಂಬುತ್ತದೆ. ಅವನು ಕೊಡುವ ಹಣ್ಣು ತಿನ್ನುತ್ತದೆ, ಮೈ ಮುಟ್ಟಗೊಡುತ್ತದೆ, ಹಗ್ಗಕ್ಕೆ ಕೊರಳು ಕೊಡುತ್ತದೆ. ಹೊಡೆದವನೂ ಬಿಡಿಸಿದವನೂ ಒಂದೇ ಗುಂಪಿನವರೆಂದು ಅದಕ್ಕೆ ತಿಳಿಯುವ ಹಾದಿಯೇ ಇಲ್ಲ. ಮಾವುತ ಮತ್ತು ಆನೆಯ ಪ್ರೀತಿಯ ಬಗ್ಗೆ ನಾವು ಎಷ್ಟೋ ಕತೆ ಕೇಳಿದ್ದೇವೆ. ಆ ಪ್ರೀತಿ ಸುಳ್ಳಲ್ಲ, ಆದರೆ ಅದರ ಮೊದಲ ಪುಟ ಹೀಗಿದೆ.

ತಪ್ಪಿಸಿಕೊಂಡ ಆನೆಯೊಂದರ ಕತೆಯನ್ನೂ ಅಬ್ದುರ್ ರಜಾಕ್ ಬರೆದಿದ್ದಾನೆ. ಕಾಡಿಗೆ ಓಡಿಹೋದ ಅದು ಆಮೇಲೆ ಸೊಂಡಿಲಲ್ಲಿ ಮರದ ದಿಮ್ಮಿ ಹಿಡಿದು, ನೆಲವನ್ನು ಕುಟ್ಟಿ ನೋಡಿ ನೋಡಿ ಹೆಜ್ಜೆ ಇಡುತ್ತಿತ್ತಂತೆ, ಕುರುಡ ಕೋಲೂರುವ ಹಾಗೆ. ಗುಂಡಿ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ಬೇಟೆಗಾರ ಅದು ಹಾಯುವ ದಾರಿಯ ಮರದ ಕೊಂಬೆಯಲ್ಲಿ ಅಡಗಿ ಕೂತು, ಕೆಳಗೆ ಬಂದಾಗ ಬೆನ್ನಿಗೆ ಧುಮುಕಿದ. ಹಿಡಿದುಕೊಳ್ಳಲು ಅವನಿಗೆ ಆಧಾರ ಸಿಕ್ಕಿದ್ದು ಹಳೆಯ ಸೆರೆಯ ಕಾಲದಿಂದ ಅದರ ಮೈಮೇಲೆ ಉಳಿದಿದ್ದ ಹಗ್ಗ. ಕತೆ ಬರೆಯುವ ನನಗೆ ಇಂಥದ್ದೊಂದು ವಿವರವನ್ನು ಕಟ್ಟಲು ಬಂದಿಲ್ಲ.

ಆದರೆ ಹಿಡಿದ ಮೇಲೆ ಹೊಟ್ಟೆಗೆ ಕಡಿಮೆ ಮಾಡುತ್ತಿರಲಿಲ್ಲ. ದೊಡ್ಡ ಹಂಡೆಯಲ್ಲಿ ಖಿಚಡಿ ಬೇಯಿಸಿ, ಉಪ್ಪು, ಸಕ್ಕರೆ ಬೆರೆಸಿ, ಎರಡು ಮಣದ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ದಿನಕ್ಕೆ ಎರಡು ಸಲ ಬಾಯಿಗಿಡುತ್ತಿದ್ದರೆಂದೂ, ಇದರಲ್ಲಿ ಒಂದು ಸಾಮಗ್ರಿ ತಪ್ಪಿದರೂ ಆನೆ ಕಾವಲುಗಾರನ ಮೇಲೆ ಏರಿಹೋಗುತ್ತಿತ್ತು, ದೊರೆಯೂ ಅವನನ್ನು ದಂಡಿಸುತ್ತಿದ್ದನೆಂದೂ ಅವನ ಬರಹ ಹೇಳುತ್ತದೆ. ಹಂಪಿಯಲ್ಲಿ ಗಜಶಾಲೆಯೆಂದೇ ಕರೆಯುವ ಕಟ್ಟಡದ 11 ಎತ್ತರದ ಕೋಣೆಗಳನ್ನೂ, ಅವುಗಳ ಮೇಲಿನ ಸುಲ್ತಾನರ ಮಾದರಿಯ ಗುಮ್ಮಟಗಳನ್ನೂ ನೋಡಿದವರಿಗೆ ಆ ಖರ್ಚಿನ ಅಂದಾಜು ಸಿಕ್ಕೀತು. ಮೊಗಲರಲ್ಲಿ ಲೆಕ್ಕ ಇನ್ನೂ ಕಟ್ಟುನಿಟ್ಟು. ಅಬುಲ್ ಫಜಲ್‌ನ ಆಯಿನೆ ಅಕ್ಬರಿ ಆನೆಗಳನ್ನು 7 ದರ್ಜೆಗೆ ವಿಂಗಡಿಸಿ, ಮೊದಲ ದರ್ಜೆಯ ಮಸ್ತ್ ಆನೆಗೆ ಐದೂವರೆ ಆಳುಗಳನ್ನು ನೇಮಿಸುತ್ತದೆ. ಮಹಾವತನಿಗೆ ತಿಂಗಳಿಗೆ 200 ದಾಮ್ ಸಂಬಳ. ಅರ್ಧ ಆಳು ಎಂದರೆ ಎರಡು ಆನೆಗೆ ಒಬ್ಬ. ಸರಕಾರಿ ಲೆಕ್ಕಪತ್ರದ ಬುದ್ಧಿ ಎಲ್ಲ ಕಾಲಕ್ಕೂ ಒಂದೇ!

ಈ ಖರ್ಚೆಲ್ಲ ಯಾವುದಕ್ಕೆ? ಉತ್ತರ ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಇದೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರನ್ನು ಕಸಿಯಲು ಬಂದಾಗ ಜೊತೆಗೆ 551 ಆನೆಗಳಿದ್ದವೆಂದು ಪೋರ್ಚುಗೀಸ್ ನೂನಿಜ್ ಬರೆಯುತ್ತಾನೆ. ರಾಯಚೂರಿನ ಬಳಿಯ ಮಲಿಯಾಬಾದ್ ಕೋಟೆಯಲ್ಲಿ ಇಂದಿಗೂ ನಿಂತಿರುವ ಕಲ್ಲಾನೆಗಳನ್ನು ನೋಡಿದರೆ ಆ ಕಾಲದ ಆನೆಯ ಮೋಹ ತಿಳಿಯುತ್ತದೆ. ಮುದಗಲ್ಲಿನ ಕೋಟೆಗಾಗಿ ಎಷ್ಟು ಸಲ ರಕ್ತ ಹರಿಯಿತೆಂಬುದಕ್ಕೆ ಲೆಕ್ಕವಿಲ್ಲ. 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಸೀಮೆಯಲ್ಲಿ, ನಾವು ರಕ್ಕಸಗಿ ತಂಗಡಗಿ ಎನ್ನುವ ಯುದ್ಧದಲ್ಲಿ, ಪಲ್ಲಕ್ಕಿಯಲ್ಲಿದ್ದ ಮುದಿ ರಾಮರಾಯನನ್ನು ಸೆರೆಹಿಡಿದದ್ದು ಒಂದು ಆನೆ. ನಿಜಾಮ್ ಶಾಹಿಯ ಆನೆಯೊಂದು ನುಗ್ಗಿದಾಗ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು. ಪಲ್ಲಕ್ಕಿಯ ಬೆಲೆಯಷ್ಟೇ ಕಂಡಿದ್ದ ಮಾವುತನಿಗೆ ಒಳಗಿದ್ದವನು ಯಾರೆಂದು ತಿಳಿದದ್ದು ಸೇವಕನೊಬ್ಬನ ಬಾಯಿಂದ. ಕೂಡಲೇ ಆನೆಯ ಸೊಂಡಿಲಿನಿಂದ ಎತ್ತಿಸಿಕೊಂಡು ಹೋಗಿ ಒಪ್ಪಿಸಿದ ಎಂದು ಫಿರಿಶ್ತಾ ಹೇಳುತ್ತಾನೆ. ದಕ್ಷಿಣದ ಚರಿತ್ರೆ ಹೊರಳಿದ ಗಳಿಗೆಯಲ್ಲಿ ಎದುರಿಗಿದ್ದವರು ಒಬ್ಬ ಹೆಸರಿಲ್ಲದ ಮಾವುತ ಮತ್ತು ಅವನ ಆನೆ.

ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಬೇರೆ ಜಾತಿಯ ಮನುಷ್ಯ. ತನ್ನ ಮೆಚ್ಚಿನ ಆನೆ ಆತಶ್ ಖಾನ್‌ನ ಹೆಸರನ್ನು ತನ್ನ ತಂಬೂರಿ ಮೋತಿ ಖಾನ್, ಬೇಗಂ ಚಾಂದ್ ಸುಲ್ತಾನಾ ಇವರ ಹೆಸರಿನ ಸಾಲಿನಲ್ಲೇ ಕಿತಾಬೆ ನೌರಸ್‌ನಲ್ಲಿ ತಂದವನು ಅವನು. ಆತಶ್ ಖಾನ್‌ನ ಚಿತ್ರಗಳೂ ಉಳಿದಿವೆ. ಆದರೆ ಇಂಥ ಮಮತೆ ಅರಮನೆಯ ಒಂದೆರಡು ಆನೆಗಳ ಭಾಗ್ಯ. ಉಳಿದವು ತೋಪಿನ ಎದುರು ನಿಂತವು.

ತೋಪು, ಬಂದೂಕುಗಳೇ ಕಡೆಗೆ ಆನೆಯನ್ನು ರಣರಂಗದಿಂದ ಓಡಿಸಿದವು. ಗುಂಡಿನ ಸದ್ದಿಗೆ ಬೆದರಿ ತನ್ನವರನ್ನೇ ತುಳಿಯುವ ಪ್ರಾಣಿಯನ್ನು ಮುಂದೆ ನಿಲ್ಲಿಸುವುದರಲ್ಲಿ ಅರ್ಥವಿರಲಿಲ್ಲ. ಆಮೇಲೆ ಅದಕ್ಕೆ ಉಳಿದದ್ದು ಸಾಮಾನು ಹೊರುವುದು, ದಿಮ್ಮಿ ಎಳೆಯುವುದು, ಅಂಬಾರಿ ಹೊತ್ತು ಜುಲೂಸಿನಲ್ಲಿ ನಡೆಯುವುದು. ನಮ್ಮ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡಿನ ಊರು. ಸುತ್ತ ಸುರಪುರ, ಗುರುಗುಂಟಾ, ಗದ್ವಾಲದಂಥ ಸಂಸ್ಥಾನಗಳು. ದೊರೆಯ ದೊಡ್ಡಸ್ತಿಕೆಯನ್ನು ಬೀದಿಯಲ್ಲಿ ತೋರಿಸುವುದೇ ಆನೆಯ ಕೆಲಸ. ಅತ್ತ ಹಳೆಯ ಮೈಸೂರಿನಲ್ಲಿ 1873-74ರಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಶುರುಮಾಡಿದ ಖೆಡ್ಡಾ 1971ರವರೆಗೂ ನಡೆಯಿತು. ಇಡೀ ಹಿಂಡನ್ನೇ ಅಟ್ಟಿ ಕೂಡಿಹಾಕುವ ಆ ದೃಶ್ಯವನ್ನು ನೋಡಲು ಕಾಕನಕೋಟೆಗೆ ವೈಸರಾಯರು ಬರುತ್ತಿದ್ದರು.

1948ರಲ್ಲಿ ನಿಜಾಮರ ರಾಜ್ಯ ಮುಗಿಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜಮೀನ್ದಾರಿಗಳು ರದ್ದಾದವು, 1971ರಲ್ಲಿ ರಾಜಧನವೂ ನಿಂತಿತು. ದೊರೆಯ ಕಡತಗಳನ್ನು ಸರಕಾರ ವಹಿಸಿಕೊಂಡಿತು, ಅರಮನೆಗಳು ಕಚೇರಿಯೋ ಹೋಟೆಲೋ ಆದವು. ಆನೆಯನ್ನು ಏನು ಮಾಡುವುದು? ಅದು 60, 70 ವರ್ಷ ಬದುಕುವ ಪ್ರಾಣಿ. ದಿನಕ್ಕೆ 150ರಿಂದ 200 ಕಿಲೋ ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ಮಠಗಳು ಕೆಲವನ್ನು ಸಾಕಿದವು, ಸರ್ಕಸ್ಸಿನವರು ಕೆಲವನ್ನು ಕೊಂಡರು. ಉಳಿದವು ಬಿಹಾರದ ಸೋನ್‌ಪುರದ ಜಾತ್ರೆಯಂಥ ಕಡೆ ಕೈಬದಲಿ ಆಗುತ್ತ, ಬಾಡಿಗೆಗೆ ಬಿಡುವ ಮಾಲೀಕರ ಪಾಲಾದವು. ಮದುವೆಗೆ ಬಾಡಿಗೆ, ಚುನಾವಣೆಯ ಮೆರವಣಿಗೆಗೆ ಬಾಡಿಗೆ, ಏನೂ ಇಲ್ಲದ ದಿನ ಬೀದಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಹುಟ್ಟಿದ್ದು ಆನೆಗೆ ಖಜಾನೆಯ ಆಸರೆ ಇದ್ದ ಕಾಲದಲ್ಲಿ. ಖಜಾನೆ ಹೋದ ಮೇಲೆ ಅದರ ಹೊಟ್ಟೆಯ ಭಾರ ಬಿದ್ದದ್ದು ಊರೂರಿನ ಎಂಟಾಣೆಗಳ ಮೇಲೆ.

ಮಾಲೀಕ ಬೇರೆ, ಮಾವುತ ಬೇರೆ ಎಂಬುದನ್ನು ಬೀದಿಯಲ್ಲಿ ನಿಂತು ನೋಡುವವರು ಮರೆಯುತ್ತಾರೆ. ಉತ್ತರದಿಂದ ಬರುತ್ತಿದ್ದ ಮಾವುತರಲ್ಲಿ ಬಡ ಮುಸಲ್ಮಾನರೂ ಇದ್ದರು. ಕೆಲವರು ಕಾವಿ ಶಾಲು ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು ಬರುತ್ತಿದ್ದರು, ಅದು ಕಸುಬಿನ ಉಡುಪು. ಸಿಂಧನೂರಿನಲ್ಲಿ ಒಮ್ಮೆ ಅಂಥವನೊಬ್ಬನ ಜೊತೆ ನಾನು ಉರ್ದುವಿನಲ್ಲಿ ಮಾತಾಡಿದ್ದುಂಟು. ನಮ್ಮ ದಖನಿ ಕೇಳಿ ಅವನಿಗೆ ನಗು ಬಂತು. ದುಡ್ಡಿನ ಮಾತು ಅವನು ತೆಗೆಯಲಿಲ್ಲ. ಕೇಳಿದ್ದು ಎರಡೇ ವಿಷಯ: ಮುಂದಿನ ಊರಿನಲ್ಲಿ ಆನೆ ಇಳಿಯುವಂಥ ನೀರು ಎಲ್ಲಿದೆ, ಸೊಪ್ಪು ಕಡಿಯಲು ಬಿಡುವ ಅರಳಿಮರ ಇಲ್ಲವೇ ಆಲದಮರ ಎಲ್ಲಿದೆ. ಕಾಲುವೆಯ ಊರಾದ ಸಿಂಧನೂರಿನಲ್ಲಿ ನೀರಿನ ದಾರಿ ಹೇಳಬಹುದಿತ್ತು. ಮಸ್ಕಿಯ ಕಡೆಯ ಬೇಸಿಗೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅರಳಿಮರ ಇದ್ದರೆ ಅದು ಗುಡಿಯ ಮುಂದೆ, ಆಲ ಇದ್ದರೆ ದರ್ಗಾದ ಪಕ್ಕ. ಎರಡೂ ಕಡೆ ಕೊಡಲಿ ಹಾಕಗೊಡುವುದಿಲ್ಲ.

ಆನೆಯ ಮೈಗೆ ಬೀದಿ ಏನು ಮಾಡುತ್ತದೆ ಎಂಬುದನ್ನು ಪಶುವೈದ್ಯರು ಚೆನ್ನಾಗಿ ವಿವರಿಸಿದ್ದಾರೆ. ದೈತ್ಯದೇಹದ ಕೆಳಗಿರುವ ಅದರ ಅಂಗಾಲು ಒಂದು ಮೆತ್ತೆ. ಕಾಡಿನ ಮಣ್ಣು, ಕೆಸರು, ಎಲೆಗಳ ಮೇಲೆ ನಡೆಯಲು ಆದದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳ ಡಾಂಬರಿನ ಮೇಲೆ ಅದು ಸುಡುತ್ತದೆ, ಬಿರಿಯುತ್ತದೆ, ಬಿರುಕಿಗೆ ಕಲ್ಲು, ಗಾಜು ಸೇರಿ ಕೀವಾಗುತ್ತದೆ. ಸೆರೆಯ ಆನೆಗಳಲ್ಲಿ ಪಾದದ ರೋಗ ಸಾವಿನವರೆಗೂ ಒಯ್ಯುವುದುಂಟು. ಮನುಷ್ಯರ ಕಿವಿಗೆ ಬೀಳದ ಕೆಳಸ್ತರದ ಸದ್ದಿನಲ್ಲಿ ಆನೆಗಳು ದೂರದಿಂದ ಮಾತಾಡಿಕೊಳ್ಳುತ್ತವೆ ಎಂದು 1980ರ ದಶಕದಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಕಂಡುಕೊಂಡರು. ಅಂಥ ಕಿವಿಯ ಪಕ್ಕ ಲಾರಿಯ ಹಾರ್ನ್. ನಿಂತಲ್ಲೇ ಅದು ತಲೆ, ಸೊಂಡಿಲನ್ನು ಎಡಕ್ಕೆ ಬಲಕ್ಕೆ ತೂಗುವುದನ್ನು ನಾವು ಆನೆ ಕುಣಿಯುತ್ತದೆ ಎನ್ನುತ್ತಿದ್ದೆವು. ಕಟ್ಟಿಹಾಕಿ ಒಂಟಿಯಾಗಿಸಿದ ಪ್ರಾಣಿಯ ಮನಸ್ಸು ಕೆಟ್ಟಿರುವುದರ ಲಕ್ಷಣ ಅದು. ಹೆಣ್ಣಾನೆಗಳು ತಾಯಿ, ಅಜ್ಜಿ, ಚಿಕ್ಕಮ್ಮಂದಿರ ಜೊತೆ ಜೀವನವೆಲ್ಲ ಕಳೆಯುವಂಥವು. ಬೀದಿಯಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಹೆಣ್ಣಾನೆಗಳೇ, ಒಂಟಿಯಾಗಿ.

2013ರ ಜೂನ್‌ನಲ್ಲಿ ಮುಂಬಯಿಯ ಮುಲುಂಡ್‌ನ ಬೀದಿಬದಿಯಲ್ಲಿ ಬಿಜಲಿ ಎಂಬ ಹೆಣ್ಣಾನೆ ಕುಸಿಯಿತು. ಐವತ್ತು ದಾಟಿದ ಅದು ಜೀವಮಾನವೆಲ್ಲ ಮದುವೆಗಳಿಗೂ ಭಿಕ್ಷೆಗೂ ಆ ನಗರದಲ್ಲಿ ನಡೆದಿತ್ತು. ಜನ ಹಣ್ಣು ತಂದರು, ಸಿನಿಮಾ ತಾರೆಯರು ಮನವಿ ಮಾಡಿದರು, ವೈದ್ಯರು ಕ್ರೇನ್ ತರಿಸಿದರು. ಅದು ಏಳಲಿಲ್ಲ. ಮುಂಬಯಿ ನಗರದಲ್ಲಿ ಆನೆಗಳಿಗೆ ಪ್ರವೇಶ ನಿಷೇಧಿಸಿ ಅದಾಗಲೇ ಆದೇಶವಿತ್ತು.

ಕಾಯ್ದೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1977ರಲ್ಲಿ ಆನೆಯನ್ನು ಅದರ ಮೊದಲ ಅನುಸೂಚಿಗೆ, ಹುಲಿಯ ಪಕ್ಕಕ್ಕೆ, ಸೇರಿಸಿದರು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹಣಕ್ಕೆ ಆನೆ ಮಾರುವುದನ್ನು ನಿಲ್ಲಿಸಿತು. ಅಂದಿನಿಂದ ಮಾರಾಟದ ಜಾಗದಲ್ಲಿ ದಾನಪತ್ರಗಳು ಕಾಣಿಸಿಕೊಂಡವು. 2010ರಲ್ಲಿ ಕೇಂದ್ರ ಸರಕಾರ ಆನೆಯನ್ನು ರಾಷ್ಟ್ರೀಯ ಪಾರಂಪರಿಕ ಪ್ರಾಣಿ ಎಂದು ಸಾರಿತು. ಸುಪ್ರೀಂ ಕೋರ್ಟಿನ ಮುಂದೆ 2019ರ ವೇಳೆಗೆ ಬಂದ ಎಣಿಕೆಯಂತೆ ದೇಶದಲ್ಲಿ 2,454 ಸೆರೆಯ ಆನೆಗಳಿದ್ದವು. ಖಾಸಗಿಯವರ ಹತ್ತಿರ ಇದ್ದವುಗಳಲ್ಲಿ ಎಷ್ಟಕ್ಕೋ ಒಡೆತನದ ಪ್ರಮಾಣಪತ್ರವೇ ಇರಲಿಲ್ಲ. 2022ರಲ್ಲಿ ಮತ್ತೊಂದು ತಿದ್ದುಪಡಿ ಬಂದು, 2023ರ ಏಪ್ರಿಲ್‌ನಿಂದ, ಪ್ರಮಾಣಪತ್ರ ಇರುವವರು ಧಾರ್ಮಿಕ ಅಥವಾ ಬೇರೆ ಯಾವುದೇ ಉದ್ದೇಶಕ್ಕೆ ಆನೆಯನ್ನು ವರ್ಗಾಯಿಸಬಹುದು ಎಂದಾಯಿತು. ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದವು. ಬೇರೆ ಯಾವುದೇ ಉದ್ದೇಶ ಎಂಬ ಈ ಮೂರು ಪದಗಳ ಒಳಗೆ ಎಷ್ಟು ಆನೆ ಹೋಗಬಹುದೆಂದು ಹೇಳಲು ವಕೀಲರೇ ಬೇಕಾಗಿಲ್ಲ.

ದಸರೆಯ ಮಾತನ್ನೂ ಬಿಡಲಾಗದು. ಅಂಬಾರಿಯ 750 ಕಿಲೋ ಭಾರವನ್ನು ಎಂಟು ವರ್ಷ ಹೊತ್ತ ಅರ್ಜುನ ವಯಸ್ಸಾಯಿತೆಂದು ಅದರಿಂದ ನಿವೃತ್ತನಾದ. ಆದರೆ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಒಯ್ದಾಗ ಒಂಟಿಸಲಗದ ತಿವಿತಕ್ಕೆ ಸತ್ತ. ಆಗ ಅವನಿಗೆ 64 ವರ್ಷ. ಇಡೀ ರಾಜ್ಯ ಕಣ್ಣೀರಿಟ್ಟಿತು, ಸ್ಮಾರಕ ಬೇಕೆಂದು ಕೇಳಿತು.

ಇಷ್ಟು ಹೇಳಿ ನಮ್ಮ ಮನೆಯ ಅಂಗಳವನ್ನು ಗುಡಿಸದೆ ಬಿಡುವುದು ಸರಿಯಲ್ಲ. ಹೈದರಾಬಾದಿನಲ್ಲಿ ಮೊಹರಂನ ಹತ್ತನೆಯ ದಿನ ದಬೀರ್‌ಪುರದಿಂದ ಹೊರಡುವ ಬೀಬಿ ಕಾ ಆಲಂ ಆನೆಯ ಮೇಲೆ ಹೋಗುತ್ತದೆ. ನಿಜಾಮರ ಕಾಲದಲ್ಲಿ ಅರಮನೆಯ ಆನೆ ಇರುತ್ತಿತ್ತು, ಆಮೇಲೆ ಮೃಗಾಲಯದ ಆನೆ ಬಂತು. ಅದೂ ನಿಂತ ಮೇಲೆ ಹೊರರಾಜ್ಯದಿಂದ ತರುವುದು ಶುರುವಾಯಿತು. 2024ರ ಮೊಹರಂಗೆ ಬಂದದ್ದು ಕರ್ನಾಟಕದ ದಾವಣಗೆರೆಯ ಪಂಚಾಚಾರ್ಯ ಮಂದಿರದ ರೂಪವತಿ. ವೀರಶೈವ ಮಂದಿರದ ಆನೆ ಕರ್ಬಲಾದ ಶೋಕವನ್ನು ಹೊತ್ತಿತು ಎಂದು ಇದನ್ನು ಸೌಹಾರ್ದದ ಉದಾಹರಣೆಯಾಗಿ ಹೇಳಬಹುದು. ನನಗೂ ಮೊದಲು ಹಾಗೆ ಹೇಳುವ ಆಸೆಯಾಯಿತು. ಆದರೆ ಲಾರಿಯಲ್ಲಿ ನೂರಾರು ಕಿಲೋಮೀಟರ್ ನಿಂತು ಬಂದು, ಎದೆ ಬಡಿದುಕೊಳ್ಳುವ ಸಾವಿರಾರು ಜನರ ನಡುವೆ ನಡೆಯುವ ಪ್ರಾಣಿಗೆ ಸೌಹಾರ್ದದಿಂದ ಏನು ಸಿಕ್ಕಿತು?

ನಮ್ಮ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಇದಕ್ಕಿಂತ ಕಡಿಮೆಯದ್ದಲ್ಲ. ಸುತ್ತಲಿನ ಜಿಲ್ಲೆಗಳಿಂದ ಹಿಂದೂ ಮುಸಲ್ಮಾನರೆಲ್ಲ ಬರುತ್ತಾರೆ, ಅಲಾಯಿ ಕುಣಿಯುತ್ತಾರೆ, ಹೆಜ್ಜೆಮೇಳ ಹಾಡುತ್ತದೆ. ಇಲ್ಲಿ ಆಲಂ ಹೊರುವುದು ಮನುಷ್ಯರು. ಹರಕೆ ಹೊತ್ತವನ ಹೆಗಲಿಗಿಂತ ಎತ್ತರದ ಪೀಠ ಹುಸೇನರ ಆಲಂಗೆ ಬೇಕೆಂದು ಇಲ್ಲಿನ ಯಾರಿಗೂ ಅನ್ನಿಸಿಲ್ಲ.

ಕುರಾನಿನಲ್ಲಿ ಆನೆಯ ಹೆಸರಿನದೇ ಒಂದು ಅಧ್ಯಾಯವಿದೆ. ಯಮನಿನ ಅಬ್ರಹ ಕಾಬಾ ಕೆಡವಲು ಆನೆಯೊಂದಿಗೆ ಬಂದ ವರ್ಷ, ಕ್ರಿ.ಶ. 570ರ ಸುಮಾರು, ಪ್ರವಾದಿಯವರು ಹುಟ್ಟಿದ ವರ್ಷವೂ ಹೌದು. ಆ ದಂಡಿನ ಮಹಮೂದ್ ಎಂಬ ಆನೆ ಮಕ್ಕಾದ ಕಡೆ ತಿರುಗಿಸಿದಾಗ ಮಂಡಿಯೂರಿ ಕೂತಿತು, ಕಬ್ಬಿಣದಿಂದ ಹೊಡೆದರೂ ಕೊಕ್ಕೆಯಿಂದ ಚುಚ್ಚಿದರೂ ಏಳಲಿಲ್ಲ, ಯಮನಿನ ಕಡೆ ಮುಖ ಮಾಡಿಸಿದ ಕೂಡಲೇ ಎದ್ದು ಓಡಿತು ಎಂದು ಸೀರತ್‌ನ ಗ್ರಂಥಗಳು ಹೇಳುತ್ತವೆ. ನಮ್ಮ ವಅಜ್‌ಗಳಲ್ಲಿ ಅಬ್ರಹನ ಸೊಕ್ಕಿನ ಬಗ್ಗೆ ಗಂಟೆಗಟ್ಟಲೆ ಕೇಳಿದ್ದೇನೆ, ಏಟು ತಿಂದ ಆನೆಯ ಬಗ್ಗೆ ಕೇಳಿದ್ದು ಕಡಿಮೆ. ಮದೀನಾದ ತೋಟವೊಂದರಲ್ಲಿ ಒಂಟೆಯೊಂದು ಪ್ರವಾದಿಯವರನ್ನು ಕಂಡು ನರಳಿ ಕಣ್ಣೀರು ಸುರಿಸಿದ ಹದೀಸ್ ಅಬೂ ದಾವೂದ್‌ನ ಸಂಗ್ರಹದಲ್ಲಿದೆ. ಅವರು ಅದರ ಕಿವಿಯ ಹಿಂದೆ ಸವರಿ ಸಮಾಧಾನ ಮಾಡಿ, ಒಡೆಯನನ್ನು ಕರೆಸಿ, ಇದನ್ನು ಹಸಿವಿನಲ್ಲಿಟ್ಟು ದುಡಿಸುತ್ತೀಯೆಂದು ನನ್ನಲ್ಲಿ ದೂರು ಕೊಟ್ಟಿದೆ, ನಿನಗೆ ದೇವರ ಭಯವಿಲ್ಲವೇ ಎಂದು ಕೇಳಿದರು.

ಈ ಪ್ರಶ್ನೆ 2025ರಲ್ಲಿ ನಮ್ಮ ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ಆ ಜಿಲ್ಲೆಗೆ ಇದು ಹೊಸದಲ್ಲ. ಅಲ್ಲಿನ ಜ್ಯೋತಿಬಾ ಗುಡಿಗೆ ದಾನ ಕೊಟ್ಟಿದ್ದ ಸುಂದರ್ ಎಂಬ ಗಂಡಾನೆಯನ್ನು ಹೊಡೆದು ಹಿಂಸಿಸಿದ ಪ್ರಕರಣ ಕೋರ್ಟು ಹತ್ತಿ, 2014ರ ಜೂನ್‌ನಲ್ಲಿ ಅದನ್ನು ಬೆಂಗಳೂರಿನ ಬನ್ನೇರುಘಟ್ಟಕ್ಕೆ ತಂದಿದ್ದರು. ಈ ಸಲ ಶಿರೋಳ ತಾಲೂಕಿನ ನಾಂದಣಿಯ ಜೈನ ಮಠದ ಮಹಾದೇವಿ. ಮಾಧುರಿ ಎಂದೂ ಕರೆಯುತ್ತಿದ್ದ, ಕರ್ನಾಟಕದಿಂದ ಹೋದ ಈ ಹೆಣ್ಣಾನೆ ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿತ್ತು. ಪಾದದ ಹುಣ್ಣು, ಸಂಧಿವಾತ, ಮಾನಸಿಕ ಯಾತನೆಯ ಲಕ್ಷಣಗಳಿವೆ, ಅನುಮತಿಯಿಲ್ಲದೆ ತೆಲಂಗಾಣದ ಮೆರವಣಿಗೆಗಳಿಗೂ ಒಯ್ದಿದ್ದರು ಎಂಬ ದೂರುಗಳನ್ನು ಉನ್ನತಾಧಿಕಾರ ಸಮಿತಿ ಪರಿಶೀಲಿಸಿತು. ಜುಲೈ 16ರಂದು ಬಾಂಬೆ ಹೈಕೋರ್ಟ್ ಆನೆಯನ್ನು ಗುಜರಾತಿನ ಜಾಮ್‌ನಗರದ ವನತಾರಾಕ್ಕೆ ಸಾಗಿಸಲು ಹೇಳಿತು, 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆನೆ ಹೊರಟ ದಿನ ಜನ ಬೀದಿಯಲ್ಲಿ ನಿಂತು ಅತ್ತರು. ಆಗಸ್ಟ್‌ನಲ್ಲಿ ಸಾವಿರಾರು ಜನ ನಾಂದಣಿಯಿಂದ ಕೊಲ್ಲಾಪುರಕ್ಕೆ ನಡೆದರು. ಕೊನೆಗೆ ವನತಾರಾದವರೇ ನಾಂದಣಿಯ ಬಳಿ ಆನೆಗಾಗಿ ಪುನರ್ವಸತಿ ಕೇಂದ್ರ ಕಟ್ಟಿಕೊಡುವ ಮಾತಾಡಿದರು.

ಆ ಅಳುವನ್ನು ನಾಟಕವೆಂದು ತಳ್ಳಿಹಾಕಲು ನನ್ನಿಂದಾಗದು. ಮಹಾದೇವಿಯ ಪಾದದ ಹುಣ್ಣೂ ನಾಟಕವಲ್ಲ. ಇನ್ನೊಂದು ವಿಚಿತ್ರ ನನ್ನನ್ನು ಕಾಡುತ್ತದೆ. ದೊರೆಗಳ ಗಜಶಾಲೆಯಿಂದ ಹೊರಬಿದ್ದ ಆನೆ ಬಡವರ ಬೀದಿಯಲ್ಲಿ ಅರ್ಧ ಶತಮಾನ ಅಲೆದು, ಈಗ ದೇಶದ ಅತಿ ದೊಡ್ಡ ಶ್ರೀಮಂತರ ಗಜಶಾಲೆಗೆ ಹೋಗುತ್ತಿದೆ. ಅಲ್ಲಿ ವೈದ್ಯರಿದ್ದಾರೆ, ಕೊಳವಿದೆ, ಸರಪಳಿಯಿಲ್ಲ ಎನ್ನುತ್ತಾರೆ. ಒಳ್ಳೆಯದೇ. ಆದರೆ ಸರಕಾರ ನಡೆಸುವ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದಾದ ಆನೆಧಾಮಗಳು ಪ್ರತಿ ರಾಜ್ಯದಲ್ಲೂ ಬೇಕಾದಷ್ಟು ಇದ್ದಿದ್ದರೆ ಕೊಲ್ಲಾಪುರದ ಆನೆ ಕಚ್ಛ್ ಕೊಲ್ಲಿಯ ತೀರದವರೆಗೆ ಪ್ರಯಾಣ ಮಾಡಬೇಕಾಗಿರಲಿಲ್ಲ.

ಯಂತ್ರದ ಆನೆಗಳೂ ಬಂದಿವೆ. 2023ರ ಫೆಬ್ರವರಿಯಲ್ಲಿ ಕೇರಳದ ಇರಿಂಞಾಲಕುಡದ ಕೃಷ್ಣ ದೇವಸ್ಥಾನ ಮೊದಲಾಯಿತು. 2024ರ ಡಿಸೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಂಭಾಪುರಿ ಪೀಠದ ರೇಣುಕಾಚಾರ್ಯ ದೇವಸ್ಥಾನಕ್ಕೆ ವೀರಭದ್ರ ಎಂಬ ಯಂತ್ರದ ಆನೆ ಬಂತು. ಕಿವಿ ಬೀಸುತ್ತದೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತದೆ, ಚಕ್ರದ ಮೇಲೆ ಮೆರವಣಿಗೆಗೂ ಹೋಗುತ್ತದೆ. ನಗುವವರು ನಗಲಿ. ಬೀಬಿ ಕಾ ಆಲಂ ಅಂಥದ್ದೊಂದರ ಮೇಲೆ ಹೋದರೂ ಶೋಕ ಕಡಿಮೆಯಾಗಲಾರದು.

ಇದರ ನಡುವೆ ಉಳಿಯುವವನು ಮಾವುತ. ಆನೆಯನ್ನು ವಶಪಡಿಸಿಕೊಂಡ ದಿನ ಮೊಕದ್ದಮೆ ಬೀಳುವುದು ಅವನ ಮೇಲೆ, ಪೊಲೀಸರು ಕೂರಿಸುವುದು ಅವನನ್ನು. ಬಾಡಿಗೆ ಎಣಿಸಿಕೊಂಡ ಮಾಲೀಕ ದೂರದ ಊರಿನಲ್ಲಿರುತ್ತಾನೆ. ಬೇರೆ ಕಸುಬು ಕಲಿಯದ, ಓದು ಬರಹವಿಲ್ಲದ, ಆನೆಯ ಕಾಲಿನ ನೋವನ್ನು ಅದರ ನಡಿಗೆಯಲ್ಲೇ ಗುರುತಿಸಬಲ್ಲ ಆ ಮನುಷ್ಯನನ್ನು ಪುನರ್ವಸತಿ ಕೇಂದ್ರಗಳು ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು. ಕೆಲವು ಕಡೆ ಹಾಗೆ ಮಾಡಿದ್ದಾರೆ ಕೂಡ. ಅಂಕುಶ ಬಿಡಿಸಿ ಹೊಸ ವಿಧಾನ ಕಲಿಸಿದರೆ ಕಲಿಯುತ್ತಾರೆ. ಹಾಗೆ ಮಾಡದೆ ಆನೆಯನ್ನಷ್ಟೇ ಒಯ್ದರೆ ಅವನು ಮತ್ತೊಬ್ಬ ಮಾಲೀಕನ ಬಾಗಿಲಿಗೆ ಹೋಗುತ್ತಾನೆ.

ನಮ್ಮ ರಸ್ತೆಯಲ್ಲಿ ಆನೆಗಳು ಕಾಣುವುದು ಈಗ ಬಹಳ ಅಪರೂಪ. ಆದರೂ ಯಾವ ಮೆರವಣಿಗೆಗೋ, ಯಾವ ಜಾತ್ರೆಗೋ ಒಂದು ಬಂದೀತು. ಬಂದರೆ ನೀರು ಕೊಡಿ, ಸೊಪ್ಪು ಕೊಡಿ. ಮಾವುತನನ್ನು ನೆರಳಲ್ಲಿ ಕೂರಿಸಿ ರೊಟ್ಟಿ, ಚಹಾ ಕೊಡಿ. ಸೊಂಡಿಲಿಗೆ ದುಡ್ಡು ಇಡಬೇಡಿ, ಬಾಲದ ಕೂದಲು ಕೇಳಬೇಡಿ. ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಒಡೆತನದ ಪ್ರಮಾಣಪತ್ರ, ಆರೋಗ್ಯದ ಪತ್ರ, ಸಾಗಾಟದ ಅನುಮತಿ ಇವು ಮೂರೂ ಇವೆಯೇ ಎಂದು ಬಂದವರು ಕೇಳುತ್ತಾರೆ. ಮಾಲೀಕನ ಹೆಸರು, ಊರನ್ನೂ ಬರೆದುಕೊಳ್ಳಿ ಎಂದು ನೀವು ಹೇಳಿ.